12 ಎಕ್ಸ್ ಬಿಟ್ಟು 4 ಎಕ್ಸ್ ಕೊಂಡಿದ್ದು: ಮಾವನ ಯಕ್ಷಗಾನದ ಕ್ಯಾಮೆರಾ

ಮಾವನ ಕ್ಯಾಮೆರಾ ಕೈಕೊಟ್ಟಿದ್ದು 2022ರ ಮಳೆಗಾಲ ಮುಗಿಯುವ ಹೊತ್ತಿಗೆ. ಬೀರುವಿನಿಂದ ತೆಗೆದು, ಸೆಲ್ ಹಾಕಿ ಆನ್ ಮಾಡಿದ್ದಾರೆ. ಲೆನ್ಸು ಅರ್ಧ ಹೊರಗೆ ಬಂದು, ಕರ್ ಕರ್ ಅಂತ ಸದ್ದು ಮಾಡಿ, ಅಲ್ಲೇ ನಿಂತಿದೆ. ಪರದೆ ಮೇಲೆ 'ಲೆನ್ಸ್ ಎರರ್'. ಆಫ್ ಮಾಡಿದರೂ ಒಳಗೆ ಹೋಗುವುದಿಲ್ಲ, ಕತ್ತು ಹೊರಗಿಟ್ಟ ಆಮೆ ಥರ ಹಾಗೇ ಕೂತಿದೆ.

ಫೋನು ಬಂತು. "ತಮಾ, ದೀಪಾವಳಿ ಆದ ಮೇಲೆ ಯಕ್ಷಗಾನದ ಮೇಳ ಹೊರಡ್ತದೆ. ಅಷ್ಟರೊಳಗೆ ಒಂದು ನೋಡು ಮಾರಾಯ. ಇಪ್ಪತ್ತೈದು ಸಾವಿರದ ಮೇಲೆ ಹೋಗಬೇಡ. ಝೂಮ್ ಮಾತ್ರ ಮೊದಲಿನದಕ್ಕಿಂತ ಕಮ್ಮಿ ಆಗಬಾರದು."

ಮಾವ ಇರುವುದು ಸಿದ್ದಾಪುರದ ಕಡೆ ಒಂದು ಹಳ್ಳಿಯಲ್ಲಿ. ಸೀಸನ್ನಿನಲ್ಲಿ ಎಲ್ಲಿ ಯಕ್ಷಗಾನದ ಆಟ ಇದ್ದರೂ ಹೋಗುತ್ತಾರೆ, ಫೋಟೋ ತೆಗೆಯುತ್ತಾರೆ, ಚೆನ್ನಾಗಿ ಬಂದದ್ದನ್ನು ಪ್ರಿಂಟ್ ಹಾಕಿಸಿ ಆ ಕಲಾವಿದರಿಗೇ ಕೊಟ್ಟು ಬರುತ್ತಾರೆ. ದುಡ್ಡು ಬರುವ ಕೆಲಸ ಅಲ್ಲ. ಸತ್ತ ಕ್ಯಾಮೆರಾ 2011ರಲ್ಲಿ ತಗೊಂಡಿದ್ದು: 12 ಎಕ್ಸ್ ಝೂಮು, ಎರಡು ಪೆನ್ಸಿಲ್ ಸೆಲ್ಲು, ಬೆಳಕು ಹಿಡಿಯುವ ಸೆನ್ಸರ್ ಚಿಕ್ಕದು. ಹನ್ನೊಂದು ವರ್ಷ ದುಡಿದಿದೆ, ಅದಕ್ಕೆ ಬೈಯುವ ಹಾಗಿಲ್ಲ. ರಿಪೇರಿಗೆ ಕೇಳಿದೆ. ಇಡೀ ಲೆನ್ಸ್ ಸೆಟ್ ಬದಲಾಯಿಸಬೇಕು, ಪಾರ್ಟ್ ಸಿಗುವುದಿಲ್ಲ, ಸಿಕ್ಕರೂ ಹಳೇ ಕ್ಯಾಮೆರಾದಿಂದ ಕಿತ್ತದ್ದು ಅಂದರು. ಅಲ್ಲಿಗೆ ಆ ದಾರಿ ಮುಚ್ಚಿತು.

ನನ್ನ ಮೊದಲ ಉತ್ತರ ನಿಮಗೂ ಹೊಳೆದಿರಬಹುದು. "ಇಪ್ಪತ್ತೈದು ಸಾವಿರಕ್ಕೆ ಒಳ್ಳೇ ಫೋನೇ ಬರುತ್ತದಲ್ಲ ಮಾವ." ಮಾವ ಜಗಳ ಮಾಡಲಿಲ್ಲ. ತಮ್ಮ ಫೋನಿನಲ್ಲಿ ತೆಗೆದ ಎರಡು ಫೋಟೋ ಕಳಿಸಿದರು. ಒಂದು ಚೌಕಿಯಲ್ಲಿ ಬಣ್ಣ ಹಚ್ಚಿಕೊಳ್ಳುತ್ತಿರುವ ವೇಷಧಾರಿ, ಎರಡು ಅಡಿ ದೂರದಿಂದ. ಸೊಗಸಾಗಿದೆ, ಕಣ್ಣಂಚಿನ ಗೆರೆ ಕೂಡ ಕಾಣುತ್ತದೆ. ಇನ್ನೊಂದು ಅದೇ ವೇಷ ರಂಗಸ್ಥಳದಲ್ಲಿ, ಬೆರಳಿನಿಂದ ಎಳೆದು ಝೂಮ್ ಮಾಡಿದ್ದು. ಮುಖ ಮೇಣದ ಗೊಂಬೆ ಹಾಗೆ ಆಗಿದೆ, ಭುಜಕೀರ್ತಿ ಅಂದರೆ ಬರೀ ಹಳದಿ ಕಲೆ. ಆಗ ನಮ್ಮ ಬಜೆಟ್ಟಿನ ಫೋನುಗಳಲ್ಲಿ ನಿಜವಾದ ಝೂಮ್ ಲೆನ್ಸ್ ಇರುತ್ತಿರಲಿಲ್ಲ, ಇದ್ದ ಚಿತ್ರವನ್ನೇ ಕತ್ತರಿಸಿ ದೊಡ್ಡದು ಮಾಡುತ್ತಿದ್ದವು. ಅದೂ ಅಲ್ಲದೆ ಅಷ್ಟು ದೊಡ್ಡ ಬೆಳಗುವ ಪರದೆ ಎತ್ತಿ ಹಿಡಿದರೆ ಹಿಂದೆ ಕೂತವರು ಸುಮ್ನೆ ಬಿಡುತ್ತಾರಾ? ಸರಿ, ಕ್ಯಾಮೆರಾನೇ ಅಂತಾಯಿತು.

ಆಮೇಲೆ ಗೊತ್ತಾಗಿದ್ದು, ಕೊಳ್ಳೋಣ ಅಂದರೆ ಅಂಗಡಿಯಲ್ಲಿ ಸರಕೇ ಇಲ್ಲ. ಜಪಾನಿನ ಕ್ಯಾಮೆರಾ ಕಂಪನಿಗಳ ಒಕ್ಕೂಟ ಸಿಪಾದ ಲೆಕ್ಕ ನೋಡಿದರೆ 2010ರಲ್ಲಿ 12 ಕೋಟಿಗೂ ಜಾಸ್ತಿ ಡಿಜಿಟಲ್ ಕ್ಯಾಮೆರಾ ಕಾರ್ಖಾನೆಯಿಂದ ಹೊರಟಿದ್ದವು, ಹೆಚ್ಚಿನವು ಇಂಥ ಜೇಬಿನ ಕ್ಯಾಮೆರಾಗಳೇ. 2020ಕ್ಕೆ ಎಲ್ಲಾ ಥರದ್ದೂ ಸೇರಿ ಒಂದು ಕೋಟಿ ಕೂಡ ಇಲ್ಲ. ಕಡಿಮೆ ಬೆಲೆಯ ಕಾಂಪ್ಯಾಕ್ಟ್‌ಗಳನ್ನು ಫೋನು ನುಂಗಿತು. ಹೊಸದರಲ್ಲಿ ಉಳಿದಿದ್ದು ಎರಡೇ ಜಾತಿ: ನಮ್ಮ ಕೈಗೆ ಎಟುಕದ ದುಬಾರಿಯವು, ಮತ್ತೆ ಆನ್‌ಲೈನಿನಲ್ಲಿ ಐದಾರು ಸಾವಿರಕ್ಕೆ ಸಿಗುವ, ಹೆಸರೇ ಕೇಳದ ಕಂಪನಿಯ '48 ಮೆಗಾಪಿಕ್ಸೆಲ್, 16 ಎಕ್ಸ್' ಡಬ್ಬಗಳು. ಈ ಎರಡನೆಯದರ ಬಗ್ಗೆ ಒಂದು ಮಾತು, ಯಾಕಂದರೆ ಮಾವ ಅಂಥದ್ದೇ ಒಂದರ ಲಿಂಕ್ ಕಳಿಸಿ "ಇದು ಹೇಗೆ?" ಅಂತ ಕೇಳಿದ್ದರು. ಅಲ್ಲಿ 16 ಎಕ್ಸ್ ಅಂತ ಬರೆದಿರುವುದು ಡಿಜಿಟಲ್ ಝೂಮ್, ಅಂದರೆ ಫೋನಿನ ಆ ಬೆರಳ ಆಟವೇ. ಲೆನ್ಸು ಹೊರಗೂ ಬರುವುದಿಲ್ಲ, ಒಳಗೂ ಹೋಗುವುದಿಲ್ಲ. ಮೆಗಾಪಿಕ್ಸೆಲ್ ಕೂಡ ಸಣ್ಣ ಚಿತ್ರವನ್ನು ಹಿಗ್ಗಿಸಿ ಬರೆದ ಲೆಕ್ಕ. ಮಕ್ಕಳಿಗೆ ಆಡೋಕೆ ಕೊಡಬಹುದು.

ಹಾಗಾಗಿ ಸೆಕೆಂಡ್ ಹ್ಯಾಂಡೇ ಗತಿ. ಆದರೆ ಯಾವುದು?

ಇಲ್ಲಿ ನಾನು ಒಂದು ಕೆಲಸ ಮಾಡಿದೆ. ಈ ಪ್ರಕರಣದಲ್ಲಿ ನಾನು ಸರಿಯಾಗಿ ಮಾಡಿದ್ದು ಬಹುಶಃ ಅದೊಂದೇ. ಮಾವನ ಹಳೇ ಫೋಟೋಗಳ ಹಾರ್ಡ್ ಡಿಸ್ಕ್ ತರಿಸಿಕೊಂಡೆ. ಪ್ರತಿ ಫೋಟೋ ಫೈಲಿನ ಒಳಗೂ ಎಕ್ಸಿಫ್ ಅನ್ನೋ ಮಾಹಿತಿ ಕೂತಿರುತ್ತದೆ: ಎಷ್ಟು ಝೂಮು, ಎಷ್ಟು ಅಪರ್ಚರ್ (ಲೆನ್ಸಿನ ಬಾಯಿ), ಶಟರ್ ಎಷ್ಟು (ಬೆಳಕು ಒಳಗೆ ಬಿಟ್ಟ ಹೊತ್ತು), ಐಎಸ್‌ಒ ಎಷ್ಟು (ಬೆಳಕಿಗೆ ಸೆನ್ಸರಿನ ಚುರುಕು). ಎಕ್ಸಿಫ್‌ಟೂಲ್ ಅಂತ ಪುಕ್ಕಟೆ ಸಿಗುವ ಒಂದು ಪ್ರೋಗ್ರಾಮಿನಲ್ಲಿ ಅದನ್ನೆಲ್ಲ ಒಂದು ಶೀಟಿಗೆ ಇಳಿಸಿದೆ. ಎಲ್ಲಾ ಫೋಟೋ ಅಲ್ಲ, 'ಪ್ರಿಂಟ್' ಅನ್ನೋ ಫೋಲ್ಡರಿನಲ್ಲಿದ್ದ ಸುಮಾರು ನಾನೂರು ಮಾತ್ರ, ಅಂದರೆ ಮಾವನಿಗೇ ಒಪ್ಪಿಗೆಯಾಗಿ ದುಡ್ಡು ಕೊಟ್ಟು ಪ್ರಿಂಟ್ ಹಾಕಿಸಿದವು.

ಆ ಕ್ಯಾಮೆರಾದ ಲೆನ್ಸು 5ರಿಂದ 60 ಮಿ.ಮೀ. ಅಷ್ಟು ಚಿಕ್ಕ ಸೆನ್ಸರಿನಲ್ಲಿ ಅದನ್ನು ಹಳೇ ಫಿಲ್ಮ್ ಕ್ಯಾಮೆರಾದ ಅಳತೆಗೆ ತರಬೇಕಾದರೆ 5.6ರಿಂದ ಗುಣಿಸಬೇಕು, 28ರಿಂದ 336 ಆಗುತ್ತದೆ. ಮಾವ 'ಝೂಮ್ ಕಮ್ಮಿ ಆಗಬಾರದು' ಅಂದಿದ್ದು ಈ 336ರ ತುದಿಯನ್ನು. ಶೀಟಿನಲ್ಲಿ ಕಂಡಿದ್ದು ಬೇರೆ. ಐದು ಫೋಟೋದಲ್ಲಿ ನಾಲ್ಕು 18 ಮಿ.ಮೀ. ಒಳಗೇ ಇದ್ದವು, ಅಂದರೆ ಫಿಲ್ಮ್ ಅಳತೆಯಲ್ಲಿ 100ರ ಒಳಗೆ. ಯಾಕಂದರೆ ಮಾವ ಯಾವಾಗಲೂ ಮುಂದೆ, ಚಾಪೆ ಹಾಸಿಕೊಂಡು ಕೂರುವವರು. ಇಡೀ ವೇಷ ಬರಬೇಕು, ಕಿರೀಟ ಕತ್ತರಿಸಬಾರದು, ಗೆಜ್ಜೆ ಕಾಣಬೇಕು. ಅದಕ್ಕೆ 336 ಎಲ್ಲಿ ಬೇಕು?

ಹಾಗಾದರೆ ತುದಿ ಝೂಮಿನಲ್ಲಿ ತೆಗೆದಿದ್ದೆಲ್ಲ ಎಲ್ಲಿ ಹೋಯಿತು? 'ಪ್ರಿಂಟ್' ಬಿಟ್ಟು ಉಳಿದ ಫೋಲ್ಡರುಗಳಲ್ಲಿ ರಾಶಿ ಬಿದ್ದಿತ್ತು. ಮುಕ್ಕಾಲು ಪಾಲು ಅಲುಗಾಡಿದ್ದು.

ಇನ್ನೊಂದು ಕಾಲಂ ನೋಡಿದಾಗ ಅಸಲು ರೋಗ ಸಿಕ್ಕಿತು. ಮಂಡಿ ಹಾಕುವಾಗಿನ ಫೋಟೋಗಳು. ಬಡಗಿನ, ಅಂದರೆ ಉತ್ತರದ ಶೈಲಿಯ, ಆಟ ನೋಡಿದವರಿಗೆ ಗೊತ್ತು, ವೇಷಧಾರಿ ಮೊಣಕಾಲ ಮೇಲೆ ಗಿರಗಿರ ತಿರುಗುವಾಗ ಚಂಡೆಯವರೂ ಜನರೂ ಒಟ್ಟಿಗೇ ಏರುತ್ತಾರೆ, ಮಾವ ಬಟನ್ ಒತ್ತುವುದೂ ಆವಾಗಲೇ. ಅಲ್ಲಿ ಶಟರ್ ಎಲ್ಲಾ ಕಡೆ 1/30, ಐಎಸ್‌ಒ 800, ಅಪರ್ಚರ್ ಎಫ್ 4.5ರ ಸುತ್ತ. ಸೆಕೆಂಡಿನ ಮೂವತ್ತರಲ್ಲಿ ಒಂದು ಭಾಗದಲ್ಲಿ ಮಂಡಿ ಹಾಕುವ ಕೌರವನ ಮುಖ ಕಾಣುವಷ್ಟು ಸರಿದೇ ಇರುತ್ತದೆ. ಸ್ಟೆಬಿಲೈಸರ್ ಇತ್ತು, ಆದರೆ ಅದು ಮಾವನ ಕೈ ನಡುಕಕ್ಕೆ, ಕೌರವನ ಕುಣಿತಕ್ಕಲ್ಲ.

ಅಂದರೆ ಮಾವನಿಗೆ ಬೇಕಾಗಿದ್ದು ಬೆಳಕು. ಬಾಯಲ್ಲಿ ಝೂಮ್ ಅನ್ನುತ್ತಿದ್ದರು ಅಷ್ಟೇ.

ಬೆಳಕು ಎರಡು ಕಡೆಯಿಂದ ಸಿಗುತ್ತದೆ. ಒಂದು ದೊಡ್ಡ ಸೆನ್ಸರ್. ಹಳೇ ಕ್ಯಾಮೆರಾದ ಸೆನ್ಸರ್ 6.2 ಗುಣಿಸು 4.6 ಮಿ.ಮೀ., ಕಿರುಬೆರಳಿನ ಉಗುರಿಗಿಂತ ಚಿಕ್ಕದು. ಅದರ ಮೇಲಿನ ಮಟ್ಟದ್ದು '1 ಇಂಚು' ಅಂತ ಕರೆಯುವ ಸೆನ್ಸರ್, 13.2 ಗುಣಿಸು 8.8 ಮಿ.ಮೀ. (ಅಳೆದರೆ ಒಂದಿಂಚು ಎಲ್ಲೂ ಸಿಗುವುದಿಲ್ಲ, ಹಳೇ ಕಾಲದ ವಿಡಿಯೋ ಕ್ಯಾಮೆರಾ ಟ್ಯೂಬಿನ ಅಳತೆಯಿಂದ ಬಂದ ಹೆಸರು ಹಾಗೇ ಅಂಟಿಕೊಂಡಿದೆ.) ಜಾಗ ಲೆಕ್ಕ ಹಾಕಿದರೆ ನಾಲ್ಕು ಪಟ್ಟು. ಇದರಲ್ಲಿ ಐಎಸ್‌ಒ 3200 ಇಟ್ಟರೂ ಹೆಚ್ಚುಕಮ್ಮಿ ಹಳೇದರ 800ರಷ್ಟೇ ಕಾಳು (ಚಿತ್ರದಲ್ಲಿ ಬರುವ ಒರಟು ಚುಕ್ಕಿ) ಕಾಣಬೇಕು. ಎರಡನೆಯದು ಲೆನ್ಸಿನ ಅಪರ್ಚರ್. ಎಫ್ ಮುಂದಿನ ಆ ನಂಬರು ಚಿಕ್ಕದಾದಷ್ಟೂ ಬಾಯಿ ಅಗಲ.

ಇಲ್ಲಿ ನಾನು ಎಡವುವುದರಲ್ಲಿದ್ದೆ. ಸೋನಿಯ ಮೊದಲ ಆರ್‌ಎಕ್ಸ್100, 2012ರದ್ದು, ನಮ್ಮ ಬಜೆಟ್ಟಿನಲ್ಲಿ ಸಿಗುತ್ತಿತ್ತು. 1 ಇಂಚಿನ ಸೆನ್ಸರ್, 20 ಮೆಗಾಪಿಕ್ಸೆಲ್, 240 ಗ್ರಾಂ ತೂಕ, ಎಫ್ 1.8. ಮಾರುವವರಿಗೆ ಅಡ್ವಾನ್ಸ್ ಕಳಿಸುವ ಹಿಂದಿನ ರಾತ್ರಿ ಅವರ ಫೋಟೋದಲ್ಲಿ ಲೆನ್ಸಿನ ಸುತ್ತ ಬರೆದಿದ್ದನ್ನು ದೊಡ್ಡದು ಮಾಡಿ ಓದಿದೆ. 1.8-4.9 ಅಂತಿದೆ. 1.8 ಇರುವುದು ಝೂಮ್ ಮಾಡದೇ ಇದ್ದಾಗ ಮಾತ್ರ. ನಮಗೆ ಬೇಕಾದ 100 ಮಿ.ಮೀ. ತುದಿಗೆ ಹೋದರೆ ಅದು 4.9, ಮಾವನ ಹಳೇ ಕ್ಯಾಮೆರಾಗಿಂತಲೂ ಒಂಚೂರು ಕಿರಿದು! ಸೆನ್ಸರಿನಿಂದ ಬಂದ ಲಾಭದಲ್ಲಿ ಸ್ವಲ್ಪ ಅಲ್ಲೇ ಸೋರಿತು.

ಕ್ಯಾನನ್ ಜಿ7ಎಕ್ಸ್, ಅದರ ಮೊದಲ ಮಾಡೆಲ್, 2014ರದ್ದು. ಅದರ ಲೆನ್ಸಿನ ಮೇಲೆ 1.8-2.8. ಝೂಮು 24ರಿಂದ 100, ಅಂದರೆ ಬರೀ 4.2 ಎಕ್ಸ್. ಆದರೆ ಅದೇ 100ರಲ್ಲಿ ಎಫ್ 2.8, ಆರ್‌ಎಕ್ಸ್‌ಗಿಂತ ಮೂರು ಪಟ್ಟು ಬೆಳಕು. ಕಾಗದದ ಮೇಲೆ ಲೆಕ್ಕ ಹಾಕಿದೆ. ಹಳೇ ಕ್ಯಾಮೆರಾದಲ್ಲಿ 1/30 ಬರುತ್ತಿದ್ದ ಕಡೆ ಆರ್‌ಎಕ್ಸ್100ರಲ್ಲಿ 1/100, ಜಿ7ಎಕ್ಸ್‌ನಲ್ಲಿ 1/300 ಬರಬೇಕು. ಮಂಡಿಗೆ ಇಷ್ಟು ಸಾಕು.

ಸೋನಿ ಎಚ್‌ಎಕ್ಸ್90ವಿ ಥರದ 30 ಎಕ್ಸ್ ಕ್ಯಾಮೆರಾಗಳೂ ಜೇಬಿಗೆ ಹಿಡಿಸುತ್ತವೆ, ಮಾವನಿಗೆ ತೋರಿಸಿದ್ದರೆ ಕುಣಿದಾಡುತ್ತಿದ್ದರು. 720 ಮಿ.ಮೀ.ವರೆಗೆ ಹೋಗುತ್ತದೆ, ಹಗಲಲ್ಲಿ ಹಕ್ಕಿ ತೆಗೆಯುವವರಿಗೆ ನಾನೇ ಅದನ್ನು ಹೇಳುತ್ತೇನೆ. ಆದರೆ ಅದೇ ಉಗುರಿನಷ್ಟು ಸೆನ್ಸರ್, ತುದಿಯಲ್ಲಿ ಎಫ್ 6.4. ರಾತ್ರಿ ಆಟಕ್ಕೆ ಅದನ್ನು ತಗೊಂಡರೆ ಹಳೇ ರೋಗವನ್ನೇ ಹೊಸ ಡಬ್ಬದಲ್ಲಿ ತಂದ ಹಾಗೆ. ತೋರಿಸಲಿಲ್ಲ.

"4 ಎಕ್ಸ್ ಅಂದ್ರೆ ಎಂತ ಮಾರಾಯ? ಹನ್ನೆರಡು ಇತ್ತಲ್ಲ ಮೊದಲಿಂದು?" ಅಂತ ಮಾವ ಒಂದು ವಾರ ತಕರಾರು ಮಾಡಿದರು. ಶೀಟು ತೋರಿಸಿದರೆ ಶೀಟಿಗೆ ಯಾರು ಬೆಲೆ ಕೊಡುತ್ತಾರೆ? ಕೊನೆಗೆ ಅವರದೇ ಪ್ರಿಂಟುಗಳನ್ನು ನೆಲದ ಮೇಲೆ ಹರಡಲು ಹೇಳಿ, ವಿಡಿಯೋ ಕಾಲಿನಲ್ಲಿ ಒಂದೊಂದಕ್ಕೂ "ಇದು 3 ಎಕ್ಸ್, ಇದು ಎರಡೂವರೆ, ಇದು ಝೂಮೇ ಮಾಡಿಲ್ಲ" ಅಂತ ಓದುತ್ತಾ ಹೋದೆ. ಮೂವತ್ತಾದ ಮೇಲೆ ಅವರೇ "ಸಾಕು, ಮೀನ ಮೇಷ ಎಣಿಸಬೇಡ, ತಗೋ" ಅಂದರು.

ಈಗ ಜಿ7ಎಕ್ಸ್ ಹುಡುಕಾಟ. ಬೆಂಗಳೂರಿನಲ್ಲಿ ಮೊದಲು ನೋಡಿದ ಪೀಸು ಹೊರಗಿನಿಂದ ಫಳಫಳ. ಬಾಕ್ಸ್ ಇದೆ, ಚರ್ಮದ ಕವರ್ ಇದೆ, ಒಂದು ಗೀರಿಲ್ಲ. ಫೋನಿನ ಟಾರ್ಚ್ ಹಾಕಿ ಲೆನ್ಸನ್ನು ಓರೆಯಾಗಿ ನೋಡಿದೆ. ಒಳಗಿನ ಗಾಜಿನ ಅಂಚಿನಲ್ಲಿ ಜೇಡರ ಬಲೆಯಂಥ ಸಣ್ಣ ಎಳೆಗಳು. ಫಂಗಸ್. ಮಾರುವವರಿಗೆ ಪಾಪ ಅದು ಗೊತ್ತೇ ಇರಲಿಲ್ಲ, ಆ ಚರ್ಮದ ಕವರಿನಲ್ಲೇ ವರ್ಷಗಟ್ಟಲೆ ಮುಚ್ಚಿಟ್ಟಿದ್ದಾರೆ. ಚರ್ಮ ತೇವ ಹಿಡಿಯುತ್ತದೆ, ಕತ್ತಲೆ ಇರುತ್ತದೆ, ಗಾಳಿ ಆಡುವುದಿಲ್ಲ. ಬೂಸ್ಟು ಬೆಳೆಯಲು ಇನ್ನೇನು ಬೇಕು? ಕಾಂಪ್ಯಾಕ್ಟ್ ಕ್ಯಾಮೆರಾದಲ್ಲಿ ಲೆನ್ಸ್ ಬಿಚ್ಚಿ ಒರೆಸುವುದು ಮನೆಯಲ್ಲಿ ಆಗುವ ಕೆಲಸ ಅಲ್ಲ. ಟೀ ಕುಡಿದು ಬಂದೆ.

ಎರಡನೆಯದರ ಮೈಮೇಲೆ ಗೀರುಗಳಿದ್ದವು, ಪಟ್ಟಿ ಹಳತಾಗಿತ್ತು. ಹತ್ತು ಸಲ ಆನ್ ಆಫ್ ಮಾಡಿದೆ. ಕಿವಿ ಹತ್ತಿರ ಹಿಡಿದು ಝೂಮ್ ಮಾಡಿದೆ, ಒಂದೇ ಸಮನೆ ಸದ್ದು, ಎಲ್ಲೂ ತಡೆಯುತ್ತಿಲ್ಲ. ಲೆನ್ಸಿನ ಕೊಳವೆಯನ್ನು ಮೆತ್ತಗೆ ಅಲ್ಲಾಡಿಸಿದರೆ ಜಾಸ್ತಿ ಆಟ ಇಲ್ಲ. ಅಪರ್ಚರ್ ಎಫ್ 11ಕ್ಕೆ ಇಟ್ಟು ಬಿಳಿ ಗೋಡೆಯ ಫೋಟೋ ತೆಗೆದೆ. ಒಳಗೆ ಧೂಳು ಕೂತಿದ್ದರೆ ಇಲ್ಲಿ ಬೂದು ಚುಕ್ಕಿಗಳಾಗಿ ಕಾಣುತ್ತದೆ. ಒಂದೇ ಒಂದು ಚುಕ್ಕಿ ಮೂಲೆಯಲ್ಲಿತ್ತು, ಎಫ್ 2.8ರಲ್ಲಿ ತೆಗೆದಾಗ ಮಾಯ. ನಮಗೆ ಎಫ್ 11 ಯಾವ ಕಾಲಕ್ಕೂ ಬೇಡ. ಎಬ್ಬಿಸುವ ಪರದೆಯನ್ನು ನಾಲ್ಕೈದು ಸಲ ಎಬ್ಬಿಸಿ ಮಡಚಿದೆ, ಚಿತ್ರ ಮಿಣುಕುತ್ತದಾ ಅಂತ. ಬಿಲ್ಲಿನಲ್ಲಿದ್ದ ಸೀರಿಯಲ್ ನಂಬರ್ ತಾಳೆ ನೋಡಿದೆ. ಸೋನಿ ಕೊಳ್ಳುವವರು ಮೆನು ಇಂಗ್ಲಿಷಿನಲ್ಲಿದೆಯಾ ಅಂತಲೂ ನೋಡಬೇಕು, ನಗಬೇಡಿ: ಜಪಾನಿನ ಒಳಗೇ ಮಾರಲು ಮಾಡಿದ ಎಷ್ಟೋ ಸೋನಿ ಕ್ಯಾಮೆರಾಗಳಲ್ಲಿ ಜಪಾನಿ ಭಾಷೆ ಬಿಟ್ಟು ಬೇರೆ ಸಿಗುವುದಿಲ್ಲ, ಅಂಥವು ಇಲ್ಲಿಗೂ ಬರುತ್ತವೆ.

26,000 ಹೇಳಿದರು. ಗೀರು ತೋರಿಸಿ, ಚುಕ್ಕಿ ತೋರಿಸಿ, ಸ್ವಲ್ಪ ಮುಖ ಸಿಂಡರಿಸಿ 22,500ಕ್ಕೆ ಮುಗಿಸಿದೆ. ಎರಡು ಬೇರೆ ಕಂಪನಿಯ ಬ್ಯಾಟರಿ ಮತ್ತು ಚಾರ್ಜರ್‌ಗೆ 1,400. ಗಾಳಿಯಾಡದ ಡಬ್ಬಿ, ಸಿಲಿಕಾ ಜೆಲ್ 250. ಮೆಮೊರಿ ಕಾರ್ಡ್ ಹಳೇದೇ ನಡೆಯಿತು. ಒಟ್ಟು 24,150.

ಬ್ಯಾಟರಿ ಯಾಕೆ ಎರಡು ಜಾಸ್ತಿ ಅಂದರೆ, ಕಂಪನಿಯೇ ಹೇಳುವ ಪ್ರಕಾರ ಈ ಕ್ಯಾಮೆರಾದಲ್ಲಿ ಒಂದು ಚಾರ್ಜಿಗೆ 210 ಫೋಟೋ. ರಾತ್ರಿಯಿಡೀ ಆಟಕ್ಕೆ ಇದು ಏನೇನೂ ಅಲ್ಲ. ಹಳೇದರಲ್ಲಿ ಸೆಲ್ ಮುಗಿದರೆ ಆಟದ ಬಯಲಿನ ಅಂಗಡಿಯಲ್ಲೇ ಎರಡು ಪೆನ್ಸಿಲ್ ಸೆಲ್ ಕೊಂಡರೆ ಆಯಿತು. ಆ ಸುಖ ಹೋಯಿತು, ಒಪ್ಪಲೇಬೇಕು.

ದೀಪಾವಳಿಗೆ ಊರಿಗೆ ಹೋದಾಗ ಕೊಟ್ಟು, ಒಂದು ಸಂಜೆ ಕೂತು ಸೆಟ್ ಮಾಡಿದೆ. ಫ್ಲ್ಯಾಶ್ ಬಂದ್. ಅದರ ಬೆಳಕು ನಾಲ್ಕೈದು ಮೀಟರಿಗೆ ಸುಸ್ತಾಗುತ್ತದೆ, ಕಲಾವಿದರ ಕಣ್ಣಿಗೂ ಕಿರಿಕಿರಿ. ಫೋಕಸ್ಸಿಗೆ ಮುಂದೆ ಉರಿಯುವ ಚಿಕ್ಕ ದೀಪವೂ ಬಂದ್. ಪರದೆಯ ಬೆಳಕು ಕಡಿಮೆ. ಐಎಸ್‌ಒ ಆಟೋ, 3200ಕ್ಕೆ ಮಿತಿ. ಶಟರ್ ಮಾತ್ರ ಎರಡು ಥರ. ವೇಷ ನಿಂತು ಅರ್ಥ ಹೇಳುವಾಗ 1/100. ನಮ್ಮ ಕರೆಂಟು 50 ಹರ್ಟ್ಸ್, ಹಾಗಾಗಿ ಟ್ಯೂಬ್‌ಲೈಟು ಸೆಕೆಂಡಿಗೆ ನೂರು ಸಲ ಮಿಣುಕುತ್ತದೆ, ಕಡಿಮೆ ಬೆಲೆಯ ಎಲ್‌ಇಡಿ ಎಷ್ಟೋ ಕೂಡ ಹಾಗೇ. 1/100 ಇಟ್ಟರೆ ಪ್ರತಿ ಫೋಟೋಕ್ಕೂ ಒಂದು ಪೂರ್ತಿ ಮಿಣುಕು ಸಿಗುತ್ತದೆ, ಎಲ್ಲಾ ಒಂದೇ ಬೆಳಕಿನಲ್ಲಿ ಬರುತ್ತವೆ. ಮಂಡಿಗೆ 1/250. ಇಲ್ಲಿ ಒಂದು ಕಪ್ಪಾಗಿ ಇನ್ನೊಂದು ಹಳದಿಯಾಗಿ ಬರಬಹುದು, ಅದಕ್ಕೇ ಒಂದರ ಹಿಂದೊಂದು ಐದಾರು ಒತ್ತಬೇಕು. ಈ ಎರಡನೇ ಸೆಟ್ಟಿಂಗನ್ನು ಮೇಲಿನ ತಿರುಗುವ ಚಕ್ರದ 'ಸಿ' ಅನ್ನೋ ಜಾಗದಲ್ಲಿ ಉಳಿಸಿದೆ. ಕತ್ತಲಲ್ಲಿ ಮಾವನಿಗೆ ಅಕ್ಷರ ಕಾಣಬೇಕಲ್ಲ, ಸೊಸೆಯ ನೇಲ್ ಪಾಲಿಶ್ ತಂದು ಅಲ್ಲೊಂದು ಕೆಂಪು ಬೊಟ್ಟು ಇಟ್ಟೆವು. "ಚಂಡೆ ಏರಿದ ಕೂಡಲೇ ಕೆಂಪಿಗೆ ತಿರುಗಿಸುವುದು," ಅಂತ ಮಾವ ಎರಡು ಸಲ ಬಾಯಿಪಾಠ ಮಾಡಿದರು.

ನವೆಂಬರ್ ಕೊನೆಯಲ್ಲಿ ಮೊದಲ ಆಟದ ಫೋಟೋ ಬಂದವು. ಕೇದಗೆ ಮುಂದಲೆ ಅನ್ನೋ ತಲೆಯ ಅಲಂಕಾರ ಕಟ್ಟಿದ ಒಂದು ಪುಂಡುವೇಷ (ಎಳೆ ವೀರನ ಪಾತ್ರ), ಮಂಡಿ ಹಾಕುತ್ತಿರುವಾಗ. ಸೆರಗು ಗಾಳಿಯಲ್ಲಿ ಚೂರು ಮಸುಕು, ಮುಖ ಮಾತ್ರ ನಿಂತಿದೆ, ಕೆನ್ನೆ ಮೇಲಿನ ಬೆವರು ಬಣ್ಣದ ಮೇಲೆ ಗೆರೆ ಎಳೆದಿರುವುದು ಕಾಣುತ್ತದೆ. ಇಪ್ಪತ್ತು ತೆಗೆದಿದ್ದರಲ್ಲಿ ಹೀಗೆ ಬಂದಿದ್ದು ಮೂರು. ಹಳೇದರಲ್ಲಿ ಒಂದೂ ಬರುತ್ತಿರಲಿಲ್ಲ.

ಎಲ್ಲಾ ಸುಸೂತ್ರ ಅಂದುಕೊಳ್ಳಬೇಡಿ. ಡಿಸೆಂಬರಿನಲ್ಲಿ ಬೆಳಗಿನ ಜಾವದ ಇಬ್ಬನಿಗೆ ಲೆನ್ಸ್ ಮಂಜಾಗಿ ಕೊನೆಯ ಯುದ್ಧದ ಫೋಟೋ ಎಲ್ಲಾ ಹಾಲು ಹಾಲು. ಈಗ ಶಾಲಿನ ಒಳಗೆ ಇಟ್ಟುಕೊಳ್ಳುತ್ತಾರೆ. ಆಮೇಲೆ ಜನವರಿಯಲ್ಲಿ ಒಂದು ದಿನ ಮದುವೆ ಊಟ ಮುಗಿಸಿ ತಡವಾಗಿ ಹೋಗಿ, ಹಿಂದೆ ಕುರ್ಚಿಯ ಸಾಲಿನಲ್ಲಿ ಕೂತಿದ್ದಾರೆ. ಬೆಳಿಗ್ಗೆ ಏಳಕ್ಕೆ ಫೋನು, ಹೇಗಿದ್ದೀಯ ಅಂತಲೂ ಕೇಳಲಿಲ್ಲ. "ನೋಡು, ಹನ್ನೆರಡು ಎಕ್ಸ್ ಇದ್ದಿದ್ರೆ ಸಿಗ್ತಿತ್ತು."

ಒಂದು ಫೋಟೋ ಡಾಕ್ಯುಮೆಂಟ್ ಅಂತ ಕಳಿಸಿ ಅಂದೆ, ಸುಮ್ನೆ ವಾಟ್ಸಾಪಿನಲ್ಲಿ ಹಾಕಿದರೆ ಅದು ಹಿಂಡಿ ಚಿಕ್ಕದು ಮಾಡುತ್ತದೆ. ಮೂಲ ಚಿತ್ರ 5472 ಗುಣಿಸು 3648. ಎರಡೂ ಕಡೆ ಅರ್ಧಕ್ಕೆ ಕತ್ತರಿಸಿದರೂ 2736 ಗುಣಿಸು 1824 ಉಳಿಯುತ್ತದೆ, ಅಂದರೆ 200 ಮಿ.ಮೀ. ಝೂಮ್ ಮಾಡಿದ ಹಾಗೆ, 8 ಗುಣಿಸು 12 ಇಂಚಿನ ಪ್ರಿಂಟಿಗೆ ಧಾರಾಳ. ಕತ್ತರಿಸಿ ವಾಪಸ್ ಕಳಿಸಿದೆ, ಶಿರಸಿಯಲ್ಲಿ ಪ್ರಿಂಟ್ ಹಾಕಿಸಿದರು. ಏನಾಯಿತು ಅಂತ ಅವರು ಹೇಳಲಿಲ್ಲ. ಅತ್ತೆ ಹೇಳಿದರು: ಕನ್ನಡಕ ಏರಿಸಿ ಕಿಟಕಿ ಹತ್ತಿರ ತಗೊಂಡು ಹೋಗಿ ನೋಡಿ, "ಅಡ್ಡಿಲ್ಲ" ಅಂದರಂತೆ. ಆದರೂ ಈಗ ಆಟ ಇದ್ದ ದಿನ ಏಳೂವರೆಗೇ ಚಾಪೆ ಹಿಡಿದು ಮನೆ ಬಿಡುತ್ತಾರಂತೆ.